ಶಿಳ್ಳೆ ಹೊಡೆಯುವ ಹಲ್ಲು

ರೇಗನ್ಸ್‌ಬರ್ಗ್, ಜರ್ಮನಿ,
18 ನವೆಂಬರ್ 2001, ಭಾನುವಾರ

ನನ್ನ ಉದಯಕುಮಾರ ಮಾಸ್ತರರಿಗೆ, ಕೀರ್ತಿಯ ಪ್ರೀತಿ.

ಬೆನ್ನುನೋವು ಹೇಗಿದೆ? ಶಾಲೆಗೆ ಬಸ್ಸಿನಲ್ಲಿ ಹೋಗಿ ಎಂದಿದ್ದೆ, ಇನ್ನೂ ಆ ಮೋಟರ್‌ಸೈಕಲ್ಲನ್ನೇ ಒದೆಯುತ್ತಿರುತ್ತೀರಿ. ಅತ್ತೆಯವರ ಸಕ್ಕರೆ ಪರೀಕ್ಷೆ ಆಯಿತೇ? ನಾನು ಆರಾಮಿದ್ದೇನೆ. ಇಲ್ಲಿ ಮಂಜು ಕೂತರೆ ನದಿಯ ಆಚೆ ದಡ ಇದೆ ಎಂದು ನಂಬಿಕೊಂಡೇ ಸೇತುವೆ ದಾಟಬೇಕು.

ಇಂಡಿಯಾದವಳು ಎಂದರೆ ಎಲ್ಲರದೂ ಒಂದೇ ಪ್ರಶ್ನೆ: "ಕಂಪ್ಯೂಟರ್?" ಹೊರಗಿನ ಕಂಪ್ಯೂಟರ್‌ನವರಿಗೆ ಇಲ್ಲಿಯ ಸರ್ಕಾರ ಕೊಡುವ ಗ್ರೀನ್ ಕಾರ್ಡ್ ಸುದ್ದಿ ಪೇಪರಿನಲ್ಲಿ ಅಷ್ಟು ಬಂದಿದೆ. ಬ್ರೆಡ್ ಅಂಗಡಿಯಾಕೆಗೆ ನನ್ನ ಹಲ್ಲು ಮುಟ್ಟಿ ತೋರಿಸಿ, ಇದನ್ನು ಮಾಡುವವಳು ಎಂದೆ. ಪಾಪ, ಹಲ್ಲುನೋವೆಂದುಕೊಂಡು ಮೆತ್ತನೆಯ ಬನ್ ಆರಿಸಿ ಕೊಟ್ಟಳು! ಹುಬ್ಬಳ್ಳಿ ಲ್ಯಾಬಿನವರು ತರಬೇತಿಗೆ ಇಲ್ಲಿಗೆ ಕಳಿಸುತ್ತಾರೆಂದಾಗ ಅತ್ತೆ, "ಹಲ್ಲು ಕಟ್ಟಾಕ ಅಷ್ಟು ದೂರ ಹೋಗಬೇಕೇನವಾ? ಅಲ್ಲಿ ಮಂದಿಗೆ ಬಾಯಿ ಬ್ಯಾರೆ ಇರತಾವೇನು?" ಎಂದಿದ್ದರಲ್ಲ. ಬಾಯಿ ಅದೇ, ಕೇಳುವುದು ಬೇರೆ ಎಂದು ಹೇಳಿ.

ಕಳೆದ ತಿಂಗಳು ವೈಸ್ ಎಂಬ ಅಜ್ಜನಿಗೆ ಮೇಲಿನ ಹಲ್ಲುಸೆಟ್ ಮಾಡಿದೆ. ಇಲ್ಲಿ ನಾನೊಬ್ಬಳೇ ಮಾಡಿದ ಮೊದಲ ಸೆಟ್. ಅಂದವಾಗಿತ್ತು, ಅಗಿಯಲೂ ಬರುತ್ತಿತ್ತು. ಆದರೂ ವಾಪಸ್ ಬಂತು. ಜೊತೆಗೆ ಅಜ್ಜ, ಅವರ ಮುದಿ ನಾಯಿ ಲುಂಪಿ. ಸೆಟ್ ಹಾಕಿಕೊಂಡರೆ ಶಿಳ್ಳೆ ಬರುತ್ತಿಲ್ಲವಂತೆ! ನದಿ ದಡದಲ್ಲಿ ಬಿಟ್ಟರೆ ಲುಂಪಿ ಶಿಳ್ಳೆಗಷ್ಟೇ ತಿರುಗಿ ಬರುತ್ತಿತ್ತು. ಈಗ ಹಗ್ಗ ಕಟ್ಟಿಯೇ ನಡೆಸಬೇಕು. "ನಾನು ಬೇರೆ ಯಾರೋ ಅನ್ನೋ ಹಾಗೆ ನನ್ನ ಮುಖ ನೋಡುತ್ತೆ" ಎಂದರು ಅಜ್ಜ. ಇಲ್ಲಿಯ ಲ್ಯಾಬಿನ ಮಾಲೀಕ ಹುಬರ್, "ಶಿಳ್ಳೆಗೆ ಇನ್ಶೂರೆನ್ಸ್ ಇಲ್ಲ" ಎಂದು ನಕ್ಕರು. ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಂತಾಯಿತು. ಶಿಳ್ಳೆ ಬಾಯೊಳಗೆ ಎಲ್ಲಿ ಹುಟ್ಟುತ್ತದೆ? ಕನ್ನಡಿ ಮುಂದೆ ಕೂತು ಊದಿದೆ. ಹೆಣ್ಣುಮಕ್ಕಳು ಶಿಳ್ಳೆ ಹೊಡೆಯಬಾರದೆಂದು ಬೆಳೆಸಿದ್ದಕ್ಕೆ ಬರೀ ಗಾಳಿ. ಕೊನೆಗೆ ಹುಬರ್ ತಾವೇ ಊದಿದರು, ನಾನು ಟಾರ್ಚ್ ಹಿಡಿದು ಇಣುಕಿದೆ. ಮುಂದಿನ ಹಲ್ಲಿನ ಹಿಂದೆ ನಾಲಿಗೆ ಗಾಳಿಗೊಂದು ಸಣ್ಣ ದಾರಿ ಬಿಡುತ್ತದೆ. ನನ್ನ ಸೆಟ್ ಅಲ್ಲೇ ದಪ್ಪವಾಗಿತ್ತು. ಉಜ್ಜಿದೆ. ಅಜ್ಜ ಊದಿದರೆ ಬರೀ ಉಗುಳು, ಅದೂ ನನ್ನ ಕನ್ನಡಕದ ಮೇಲೆ. ಇನ್ನೂ ಉಜ್ಜಿದರೆ ಬಿರುಕು ಬಿಟ್ಟೀತೆಂಬ ಭಯ. ಹುಬರ್ ಪಕ್ಕಕ್ಕೆ ಬಂದು ನಿಂತು, "ಇನ್ನೊಂಚೂರು" ಎಂದರು. ಉಸಿರು ಹಿಡಿದು ಉಜ್ಜಿದೆ. ಅಜ್ಜ ಹಾಕಿಕೊಂಡು ತುಟಿ ಚೂಪು ಮಾಡಿದರು. ಬಂತು! ಕೆಟ್ಟ ಕುಕ್ಕರಿನ ಸೀಟಿಯಂಥದ್ದು, ಆದರೂ ಬಂತು. ಹೊರಗೆ ಮಲಗಿದ್ದ ಲುಂಪಿ ಎದ್ದು ಗಾಜಿನ ಬಾಗಿಲಿಗೆ ಮುಂಗಾಲು ಹಚ್ಚಿ ನಿಂತಿತು. ಅಜ್ಜ ಮತ್ತೆ ಮತ್ತೆ ಊದಿದರು. ನಾವ್ಯಾರೂ ಸಾಕು ಎನ್ನಲಿಲ್ಲ.

ಅತ್ತೆಯವರಿಗೆ ನಮಸ್ಕಾರ ಹೇಳಿ, ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಕೀರ್ತಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಹೇಳಿಯೇಬಿಡುತ್ತೇನೆ. ಹುಬರ್ ಕೇಳಿದರು, "ಮಾರ್ಚ್‌ಗೆ ವೀಸಾ ಮುಗಿದ ಮೇಲೂ ಎರಡು ವರ್ಷ ಇದ್ದು ಇಲ್ಲಿಯ ಪೂರ್ತಿ ತರಬೇತಿ ಮುಗಿಸುತ್ತೀಯಾ? ವೀಸಾ ಕಚೇರಿಗೆಲ್ಲ ನಾನು ಓಡಾಡುತ್ತೇನೆ." "ಯಾ", ಅಂದರೆ ಹೂಂ, ಎಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ, ನಿಮ್ಮನ್ನು ಕೇಳಲೇ ಇಲ್ಲವಲ್ಲ ಎಂದು ಹೊಳೆಯಿತು. ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ, ನನಗೂ ಸೋಜಿಗ. ಸಿಟ್ಟು ಬಂದರೆ ನಾಲ್ಕು ಪುಟ ಬೈದು ಬರೆಯಿರಿ, ಓದುತ್ತೇನೆ. ಸಿಟ್ಟು ಬರದಿದ್ದರೆ ಈ ವಾರವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ. ಬೇಸಿಗೆ ರಜೆಗೆ ಇಲ್ಲಿಗೆ ಬನ್ನಿ.