ಪಟ್ಟೆಗಳು ವಾಲಿದ ದಿನ

ನೆಲದಡಿಯ ಶಕೆ 212, ಹದಿನಾಲ್ಕನೆಯ ತಿಂಗಳು

ಮುಂದೆಂದೋ ಈ ಊರಿಗೆ ಇಳಿದು ಬರುವವರಿಗೆ ಅಕ್ಕಯ್ಯಮ್ಮನ ವಂದನೆಗಳು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಮೇಲಿನ ಬಿಸಿಲು ತಾಳಲಾರದೆ ಹಳೆಯ ಚಿನ್ನದ ಗಣಿಯೊಳಗೆ ಬದುಕು ಕಟ್ಟಿಕೊಂಡವರು ನಾವು. ಸುತ್ತಲಿನ ಬಂಡೆ ಎಲ್ಲಿ ಟೊಳ್ಳಾಗುತ್ತಿದೆ ಎಂದು ತಿಳಿಯಲು ನಮ್ಮಲ್ಲಿ ‘ತಣ್ಮೋಡ’ ಎಂಬ ಯಂತ್ರವಿದೆ. ಅದರಲ್ಲಿ ಪರಮಾಣುಗಳ ಎರಡು ಮೋಡಗಳನ್ನು ಬೇರೆಬೇರೆ ಇಟ್ಟು, ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲವೆಂಬಷ್ಟು ತಣ್ಣಗೆ ಮಾಡಿ, ಒಮ್ಮೆಗೇ ಬಿಡುತ್ತೇವೆ. ಅವು ಅಲೆಗಳಂತೆ ಹರಡಿ ಒಂದರೊಳಗೊಂದು ಬೆರೆತಾಗ ಚಿತ್ರ ತೆಗೆದರೆ ಕಪ್ಪುಬಿಳುಪಿನ ಪಟ್ಟೆಗಳು ಮೂಡುತ್ತವೆ. ಬಂಡೆ ಗಟ್ಟಿಯಾಗಿದ್ದರೆ ಪಟ್ಟೆ ನೆಟ್ಟಗಿರುತ್ತದೆ. ಟೊಳ್ಳಾದರೆ ಬಂಡೆಯ ಸೆಳೆತ ಬದಲಾಗಿ ಪಟ್ಟೆ ವಾಲುತ್ತದೆ.

ನನ್ನ ಅಕ್ಕ ಸೊಣ್ಣಮ್ಮ ತನ್ನ ತಂಡದೊಂದಿಗೆ ನೀರಿನ ಸುರಂಗ ಕೊರೆಯುತ್ತಿದ್ದಳು. ಅಲ್ಲಿ ಬಂಡೆ ಸದ್ದು ಮಾಡುತ್ತಿದೆ ಎಂಬ ಸುದ್ದಿ ಬಂತು. ತಣ್ಮೋಡದ ಮುಖ್ಯಸ್ಥರು ಅವಳ ಗಂಡ ಪಿಳ್ಳಪ್ಪ ಭಾವ, ನಾನು ಅವರ ಸಹಾಯಕಿ. ಬೆಳಗಿನಿಂದ ತೆಗೆದ ಚಿತ್ರಗಳನ್ನೆಲ್ಲ ಅವರು ಒಂದರ ಮೇಲೊಂದು ಸೇರಿಸಿ ನೋಡಿದರು. ಬರೀ ಬೂದುಬಣ್ಣ.

“ಪಟ್ಟೇನೇ ಇಲ್ಲ. ಮಿಷನ್ ಕೆಟ್ಟೋಗಿದೆ. ಇದನ್ನ ನಂಬ್ಕೊಂಡು ಸುರಂಗ ಮುಚ್ಚಿಸಿದ್ರೆ ಊರಿಗೆ ನೀರೆಲ್ಲಿಂದ ತರ್ಲಿ?”

“ಸೇರಿಸ್ಬೇಡಿ ಭಾವ, ಒಂದೊಂದೇ ನೋಡಿ” ಎಂದೆ.

ಗಾಬರಿಯಲ್ಲಿ ಅವರು ಮರೆತದ್ದು ಇಷ್ಟು. ಆ ಎರಡು ಮೋಡಗಳ ಅಲೆಗಳ ಏರಿಳಿತಕ್ಕೆ ಮೊದಲೇ ಒಂದು ಹೊಂದಾಣಿಕೆ ಇರುವುದಿಲ್ಲ. ಚಿತ್ರದಲ್ಲಿ ಸಿಕ್ಕ ಪರಮಾಣು ಯಾವ ಮೋಡದ್ದೆಂದು ಹೇಳಲು ದಾರಿಯೇ ಇಲ್ಲ. ಒಂದೊಂದು ಸಿಕ್ಕಂತೆಲ್ಲ ಮುಂದಿನದು ಎಲ್ಲಿ ಸಿಗಬಹುದೆಂಬುದು ನಿಚ್ಚಳವಾಗುತ್ತಾ ಹೋಗಿ ಪಟ್ಟೆ ನಿಲ್ಲುತ್ತದೆ. ಅಳೆಯುವುದರಿಂದಲೇ ಹೊಂದಾಣಿಕೆ ಹುಟ್ಟುತ್ತದೆ, ಪ್ರತಿ ಸಲವೂ ಹೊಸದಾಗಿ; ಪಟ್ಟೆ ಬೀಳುವ ಜಾಗವೂ ಪ್ರತಿ ಸಲ ಬೇರೆ. ಸೇರಿಸಿದರೆ ಒಂದರ ಕಪ್ಪು ಇನ್ನೊಂದರ ಬಿಳುಪಿನ ಮೇಲೆ ಬಿದ್ದು ಎಲ್ಲ ಅಳಿಸಿಹೋಗುತ್ತದೆ.

ಭಾವ ಒಂದು ಚಿತ್ರ ತೆರೆದರು. ಪಟ್ಟೆ ಇತ್ತು. ಇನ್ನೊಂದರಲ್ಲೂ ಇತ್ತು. ಬೆಳಗಿನವು ನೆಟ್ಟಗಿದ್ದವು, ಈಚಿನವೆಲ್ಲ ಒಂದೇ ಕಡೆಗೆ ವಾಲಿದ್ದವು. ಫೋನು ಎತ್ತಿಕೊಂಡು, “ಸೊಣ್ಣಮ್ಮ, ಎಲ್ಲಾ ಬಿಟ್ಟು ಆಚೆ ಬನ್ನಿ. ಈಗ್ಲೇ” ಎಂದರು.

“ಇನ್ನೇನು ನೀರು ಸಿಗೋ ಹೊತ್ತು. ನಿಂಗೇನು ಖಾತ್ರಿ?”

“ಕಣ್ಣಾರೆ ನೋಡ್ತಿದೀನಿ. ಬಾ.”

ನಾವು ಸುರಂಗದ ಬಾಯಿಗೆ ಓಡಿದೆವು. ಎಲ್ಲರೂ ಹೊರಬಂದರು. ನೀರು ಕೈತಪ್ಪಿತೆಂದು ಅಕ್ಕ ಭಾವನನ್ನು ಬಯ್ಯುತ್ತಿದ್ದಾಗಲೇ ಸುರಂಗ ಕುಸಿಯಿತು. ಧೂಳು ನಮ್ಮನ್ನೆಲ್ಲ ಮುಚ್ಚಿತು. ಅಕ್ಕ ಭಾವನ ತೋಳು ಹಿಡಿದುಕೊಂಡಳು.

ಇಂದು ಊರಿನ ಕೆಳಗೆ ತೆಗೆದ ಚಿತ್ರಗಳಲ್ಲೂ ಪಟ್ಟೆಗಳು ವಾಲಿವೆ. ಹೊರಡುತ್ತಿದ್ದೇವೆ, ಬಿಸಿಲಿಗಾದರೂ ಸರಿ. ಈ ಮನೆಗಳು ನಿಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಇಲ್ಲಿ ನಿಲ್ಲಬೇಡಿ. ನಮ್ಮ ಮೂಳೆಗಳನ್ನು ಹುಡುಕುತ್ತಾ ಒಳಗೆ ಹೋಗಬೇಡಿ. ಕುಸಿತಕ್ಕೆ ಸಿಕ್ಕಿ ಇಲ್ಲಿ ಯಾರೂ ಸತ್ತಿಲ್ಲ.