ಪಾದ ತಪಾಸಣೆಯ ಪುಸ್ತಕ

ನವೆಂಬರ್ 3, ಬೆಳಿಗ್ಗೆ 6

ಎರಡು ಜೊತೆ ಸಾಕ್ಸ್. ಆದರೂ ಪಾದ ಇದೆಯೋ ಇಲ್ಲವೋ ತಿಳಿಯದು. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿದೆ. ಹೋದ ತಿಂಗಳು ಕಾಲಿಟ್ಟು ಬೊಬ್ಬೆ ಎದ್ದಿತ್ತು. ಹಿಮದ ಗಡಿಯಿಂದ ಇಳಿದು ಇಪ್ಪತ್ತೆರಡು ವರ್ಷ... ಚಳಿ ಇನ್ನೂ ಬಿಟ್ಟಿಲ್ಲ.

ಕೊಕ್ಕರೆಗೆ ಅಂಗವೈಕಲ್ಯ ಪಿಂಚಣಿ ಮಂಜೂರಾಯಿತಂತೆ. ನನ್ನ ಜೊತೆಯ ಸಿಪಾಯಿ. ಉದ್ದ ಕಾಲಿಗೆ ನಾನೇ ಇಟ್ಟ ಹೆಸರು. ಹೆಂಡತಿ ಟೀ ಕೊಡುತ್ತಾ ಈ ಸುದ್ದಿ ಹೇಳಿದಳು. "ಒಳ್ಳೇದಾಯ್ತು ಬಿಡು" ಅಂದೆ. ಹೊಟ್ಟೆ ಧಗಧಗ ಉರಿಯಿತು — ಇಲ್ಲಿ ಸುಳ್ಳು ಯಾಕೆ ಬರೆಯಲಿ? ಒಂದೇ ಬಂಕರ್, ಒಂದೇ ಹಿಮ. ಅವನ ಎರಡು ಬೆರಳು ಹೋದವು, ನನ್ನ ಹತ್ತೂ ಉಳಿದವು. ಪುಣ್ಯವಂತ! ತೋರಿಸಲು ಅವನಿಗೆ ಏನೋ ಇದೆ.

ನವೆಂಬರ್ 9

ನನ್ನ ಪಿಂಚಣಿ ಅರ್ಜಿ ತಿರಸ್ಕೃತ. ಜೊತೆಗೆ ಪಾದ ತಪಾಸಣೆ ಪುಸ್ತಕದ ಜೆರಾಕ್ಸ್. ಗಡಿಯಲ್ಲಿ ದಿನಾ ಸಂಜೆ ಒಬ್ಬರ ಪಾದ ಇನ್ನೊಬ್ಬರು ಒತ್ತಿ ನೋಡಿ ಬರೆಯಬೇಕಿತ್ತು. ನನ್ನ ಹೆಸರಿನ ಮುಂದೆ ಒಂಬತ್ತು ದಿನ "ಸರಿ ಇದೆ". ಕೊಕ್ಕರೆಯ ಅಕ್ಷರ.

ಬರೆಸಿದ್ದು ನಾನೇ. ಬೆರಳು ಬಿಳಿಚಿದ್ದು ಗೊತ್ತಾದರೆ ಕೆಳಗಿನ ಕ್ಯಾಂಪಿಗೆ ಅಟ್ಟುತ್ತಿದ್ದರು. ಶಿಖರದ ಗಸ್ತಿಗೆ ಅವನೊಬ್ಬನೇ ಹೋಗಿ ಹೆಸರು ಮಾಡಿಬಿಟ್ಟರೆ? ಆಗಲೂ ಹೊಟ್ಟೆಕಿಚ್ಚೇ.

ನವೆಂಬರ್ 10

ಪಿಂಚಣಿ ಕಚೇರಿಯ ಗುಮಾಸ್ತೆ ಒಳ್ಳೆಯ ಹೆಂಗಸು.

"ಬರೆದವರೇ 'ತಪ್ಪು ಬರೆದೆ' ಅಂತ ಅಫಿಡವಿಟ್ ಕೊಟ್ರೆ ಅಪೀಲು ಗಟ್ಟಿಯಾಗತ್ತೆ ಸರ್. ಮೂವತ್ತನೇ ತಾರೀಕು ಕೊನೆ."

"ಅವರಿಗೇನೂ ತೊಂದರೆ ಇಲ್ವಾ?"

"ಅವರ ಪಿಂಚಣಿಗೂ ಅದೇ ಪುಸ್ತಕ ಆಧಾರ ಅಲ್ವಾ? ಪುಸ್ತಕ ಸುಳ್ಳು ಅಂತಾದ್ರೆ ಅವರದ್ದೂ ತಡೆಹಿಡೀಬಹುದು."

ಅವನ ಬೆರಳು ಕಪ್ಪಾಗಿದೆ ಎಂದು ಅದರಲ್ಲಿ ಬರೆದವನು ನಾನು.

ನವೆಂಬರ್ 27

ಇವಳದು ಒಂದೇ ರಾಗ. "ಹೋಗಿ ಕೇಳ್ರೀ. ಕೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?"

ಅವನ ಮುಂದೆ ಕೈ ಚಾಚುವುದೇ? ಹೋಗಲಿಲ್ಲ.

ನವೆಂಬರ್ 29, ಮಧ್ಯಾಹ್ನ

ಕೊಕ್ಕರೆಯೇ ಬಂದ, ಕುಂಟುತ್ತಾ. ನನ್ನ ಕಣ್ಣು ಮೊದಲು ಹೋದದ್ದು ಅವನ ಹೊಸ ಶೂ ಮೇಲೆ.

"ಅತ್ತಿಗೆ ಫೋನ್ ಮಾಡಿದ್ರು. ನಿಂಗೇನೋ ದೊಡ್ಡಸ್ತಿಕೆ? ಸಾಕ್ಸ್ ಬಿಚ್ಚು."

ನೆಲದ ಮೇಲೆ ಕುಳಿತು ಹಳೆಯ ಹಾಗೆ ಒಂದೊಂದೇ ಬೆರಳು ಒತ್ತಿದ.

"ಗೊತ್ತಾಗತ್ತಾ?"

"ಇಲ್ಲ."

"ಇದು?"

"ಇಲ್ಲ ಕಣೋ."

"ಆವತ್ತೂ ಇದನ್ನೇ ಅಂದಿದ್ದೆ. ನಾನು 'ಸರಿ ಇದೆ' ಅಂತ ಗೀಚಿದೆ." ಜೇಬಿನಿಂದ ಅಫಿಡವಿಟ್ ತೆಗೆದು ನನ್ನ ತೊಡೆಯ ಮೇಲಿಟ್ಟ.

"ನಿನ್ನ ಪಿಂಚಣಿ?"

"ನೋಡೋಣ ಬಿಡೋ."

ಟೀ ಕುಡಿದು ಹೋದ. ಇದರಲ್ಲೂ ಅವನೇ ಮೇಲು. ಅಳು ಬಂತು, ಸಿಟ್ಟೂ ಬಂತು.

ನವೆಂಬರ್ 30, ಬೆಳಿಗ್ಗೆ 9

ಇವತ್ತೇ ಕೊನೆ. ಕಾಗದ ಚೀಲದಲ್ಲಿದೆ. ಇದನ್ನು ಕೊಟ್ಟರೆ ಅವನದು ನಿಲ್ಲಬಹುದು ಎಂದು ನೆನೆದಾಗ ಮೊದಲು ಖುಷಿಯಾಯಿತು. ಹೌದು, ಖುಷಿ. ಕೊನೆಗೂ ಇಬ್ಬರೂ ಸಮ ಅಂತ. ಆಮೇಲೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಇವಳು ಬಾಗಿಲಲ್ಲಿ. "ಕಾಗದ ತಗೊಂಡ್ರಾ?"

"ತಗೊಂಡೆ" ಅಂದೆ. ಚೀಲದಿಂದ ತೆಗೆದೆ, ನಿಜ. ಈ ಪುಟಗಳ ನಡುವೆ ಇಡುತ್ತಿದ್ದೇನೆ, ಕಚೇರಿಗೆ ಕೊಡುವುದಿಲ್ಲ. ಒಂದು ಸಲವಾದರೂ ಅವನಿಗಿಂತ ಮೇಲು ನಾ—