ಇನ್ನೊಂದು ಊರಿನ ಮೋಡ

ಜುಲೈ ೯, ಬುಧವಾರ

ಇವತ್ತು ಬಟ್ಟೆ ನೆನೆಯಲಿಲ್ಲ. ಅತ್ತೆಗೇ ಆಶ್ಚರ್ಯ. “ಯಾವುದೋ ಊರಿನ ಮೋಡ ಕಾಣತ್ತೆ ನಿನಗೆ, ನೆತ್ತಿ ಮೇಲಿರೋದು ಕಾಣಲ್ಲ” ಎಂದು ಯಾವಾಗಲೂ ರೇಗಿಸುತ್ತಾರೆ. ನಿಜವೇ. ನನ್ನ ಕೆಲಸ ಉಪಗ್ರಹ ಇಂಟರ್ನೆಟ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ. ಉಪಗ್ರಹಗಳು ಎಲ್ಲೇ ಸುತ್ತಲಿ, ನಮ್ಮ ಇಂಟರ್ನೆಟ್ಟು ನೆಲಕ್ಕಿಳಿಯುವುದು ದೂರದೂರದ ಗುಡ್ಡಗಳ ಮೇಲಿನ ಆಂಟೆನಾಗಳಿಗೆ. ಅಲ್ಲಿ ಜೋರು ಮಳೆ ಸುರಿದರೆ, ಇನ್ನೆಲ್ಲೋ ಬಿಸಿಲಿನಲ್ಲಿರುವವರ ಸಂಪರ್ಕ ಕಡಿಯುತ್ತದೆ.

ಮಧ್ಯಾಹ್ನ, ನಮ್ಮ ಇಂಟರ್ನೆಟ್ಟನ್ನೇ ನಂಬಿರುವ ದ್ವೀಪವೊಂದರ ಆಸ್ಪತ್ರೆಯಲ್ಲಿ ಕಷ್ಟದ ಹೆರಿಗೆ. ಡಾಕ್ಟರು ನಗರದಿಂದ ವೀಡಿಯೊದಲ್ಲೇ ನರ್ಸಿಗೆ ಹೇಳಿಕೊಡುತ್ತಿದ್ದರು. ಅಷ್ಟರಲ್ಲಿ ಕಂಟ್ರೋಲ್ ರೂಮಿಗೆ ಒಂದು ಗುಡ್ಡದ ಆಂಟೆನಾ ಕಾಯುವವರ ಫೋನು. ಅವರ ಮುಖ ನಾನು ಕಂಡಿಲ್ಲ, ನನಗವರು ಮೋಡಣ್ಣ. “ಭಾರೀ ಮೋಡ ಬರ್ತಿದೆ ಮೇಡಂ. ಹನಿ ಬೀಳೋ ತನಕ ಕಾಯ್ಬೇಡಿ, ಈಗ್ಲೇ ಬೇರೆ ಗುಡ್ಡದ ಆಂಟೆನಾಕ್ಕೆ ತಿರುಗಿಸಿ!” ತಕ್ಷಣ ತಿರುಗಿಸಿದೆ. ವೀಡಿಯೊ ಒಂದು ಕ್ಷಣವೂ ನಿಲ್ಲಲಿಲ್ಲ. ಆಮೇಲೆ ನರ್ಸ್ ಫೋನು ಮಾಡಿದಳು. ಮಗುವಿನ ಅಳುವನ್ನಷ್ಟೇ ಕೇಳಿಸಿದಳು.

ಥ್ಯಾಂಕ್ಸ್ ಹೇಳಲು ಕರೆ ಮಾಡಿದರೆ ಮೋಡಣ್ಣನಿಗೆ ಬೇರೆಯೇ ಚಿಂತೆ. “ಅದಿರ್ಲಿ, ನಿಮ್ಮೂರಲ್ಲಿ ಸಂಜೆ ಮಳೆ ಇದೆ. ಮನೆಗೆ ಫೋನ್ ಮಾಡಿ ಬಟ್ಟೆ ತೆಗೆಸಿ.”

ಇಷ್ಟು ವರ್ಷ ಅವರ ಆಕಾಶವನ್ನು ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನದನ್ನೂ ಒಬ್ಬರು ಕಾಯುತ್ತಿದ್ದರು.

ಹೊರಗೆ ಇನ್ನೂ ಸುರಿಯುತ್ತಿದೆ. ಹಾಸಿಗೆಯ ಮೇಲೆ ಒಣಬಟ್ಟೆಯ ರಾಶಿ, ಇನ್ನೂ ಬಿಸಿಲಿನ ವಾಸನೆ. ಮಡಚಬೇಕು, ಆದರೆ ಮೊದಲು ಮೋಡಣ್ಣನಿಗೆ ಫೋನ್ ಮಾಡಿ ಬಟ್ಟೆ ನೆನೆಯಲಿಲ್ಲ ಎಂದು ಹೇಳಬೇಕು.